ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವಾಗ ದಿನ ಹೇಗೆ ನಡೆಯುತ್ತದೆ: ಮೊದಲ ಸಲ ಹೊರಡುವವರಿಗೆ

ರಾತ್ರಿ ದೋಣಿ ಎಲ್ಲಿ ನಿಲ್ಲಿಸುತ್ತೀರಿ? ಅನ್ನ ಮಾಡಿಕೊಳ್ಳುವುದು ಹೇಗೆ? ಸ್ನಾನ, ಶೌಚದ ಕಥೆ ಏನು? ಹಾಯಿದೋಣಿಯಲ್ಲಿ ಸಾಗರ ದಾಟಿದವರನ್ನು ನಮ್ಮ ಜನ ಕೇಳುವುದು ಇವೇ ಪ್ರಶ್ನೆಗಳು. ಅಲ್ಲಿನ ಬದುಕು ನಿಂತಿರುವುದೂ ಇವುಗಳ ಮೇಲೆಯೇ, ಹಾಗಾಗಿ ಇಲ್ಲಿ ಒಂದೊಂದಾಗಿ ಉತ್ತರಿಸುತ್ತೇನೆ.

ಮೊದಲ ಪ್ರಶ್ನೆಯ ಉತ್ತರ ಚಿಕ್ಕದು. ದೋಣಿ ನಿಲ್ಲುವುದಿಲ್ಲ. ಸಾವಿರಾರು ಮೀಟರ್ ಆಳದ ನೀರಿನಲ್ಲಿ ಲಂಗರು ಹಾಕಲಾಗದು. ಹಗಲೂ ರಾತ್ರಿಯೂ ಸಾಗುತ್ತಲೇ ಇರಬೇಕು, ಯಾರಾದರೊಬ್ಬರು ಎಚ್ಚರವಾಗಿರಲೇಬೇಕು. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ಮೊದಲ ಸಲ ಹೋಗುವವರು ಬಿರುಗಾಳಿಗೆ ಹೆದರುತ್ತಾರೆ. ನಾನು ಹೆದರಬೇಕೆನ್ನುವುದು ನಿದ್ದೆಗೆಟ್ಟ ಮನುಷ್ಯನಿಗೆ. ತಪ್ಪು ಹಗ್ಗ ಬಿಚ್ಚುವವನು, ಹಾರ್ನೆಸ್ (ಮೈಯನ್ನು ದೋಣಿಗೆ ಸಿಕ್ಕಿಸಿಡುವ ಪಟ್ಟಿ) ಕಟ್ಟಲು ಮರೆಯುವವನು, ಕುದಿಯುವ ಪಾತ್ರೆ ಚೆಲ್ಲುವವನು ಅವನೇ. ಆದ್ದರಿಂದ ಮುಂದೆ ಹೇಳುವ ಎಲ್ಲ ಹಂತಗಳನ್ನೂ ನಿದ್ದೆ ಉಳಿಸುವ ಲೆಕ್ಕದಲ್ಲೇ ಓದಿ.

ಉದಾಹರಣೆಗೆ ಹೊಸಬರು ಹೆಚ್ಚಾಗಿ ಹಿಡಿಯುವ ದಾರಿಯನ್ನೇ ತೆಗೆದುಕೊಂಡಿದ್ದೇನೆ: ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ. ದೂರ ಸುಮಾರು 2,700 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್, ಗಂಟೆಗೆ ಅಷ್ಟು ದೂರ ಸಾಗುವ ವೇಗವೇ ಒಂದು ನಾಟ್. 40 ಅಡಿಯ ದೋಣಿ ಸರಾಸರಿ ಐದಾರು ನಾಟ್‌ನಲ್ಲಿ ಹೋದರೆ ಮೂರು ವಾರದ ಆಸುಪಾಸು ಬೇಕು. ಕೆರಿಬಿಯನ್ನಿನ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್ ಕೊನೆಯವರೆಗೆ; ಹಾಗಾಗಿ ದೋಣಿಗಳು ನವೆಂಬರ್ ಕೊನೆಯಿಂದ ಹೊರಡಲು ಶುರು ಮಾಡುತ್ತವೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಬೆನ್ನಿಗೆ ಸಿಗುತ್ತದೆ. ‘ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು’ ಎಂಬುದು ಈ ದಾರಿಯ ಹಳೆಯ ನಾವಿಕರ ಮಾತು. ಇಂದಿಗೂ ಅದು ನಡೆಯುತ್ತದೆ.

ಹಂತ 1: ದೋಣಿಗಿಂತ ಮೊದಲು ಸ್ಕಿಪ್ಪರನ್ನು ನೋಡಿ

ಸ್ಕಿಪ್ಪರ್ ಅಂದರೆ ದೋಣಿಯ ಹೊಣೆ ಹೊತ್ತವರು, ನಮ್ಮ ಕರಾವಳಿಯ ದೋಣಿಗಳಲ್ಲಿ ತಾಂಡೇಲ ಇದ್ದ ಹಾಗೆ. ಅವರ ಜೊತೆ ಕನಿಷ್ಠ ಒಂದು ರಾತ್ರಿಯಾದರೂ ಕಡಲಲ್ಲಿ ಇದ್ದು ನೋಡಿ, ಆಮೇಲೆ ಒಪ್ಪಿಕೊಳ್ಳಿ. ಲೈಫ್‌ರಾಫ್ಟ್ (ತಾನೇ ಊದಿಕೊಳ್ಳುವ ಜೀವರಕ್ಷಕ ತೆಪ್ಪ) ಎಲ್ಲಿದೆ, ಅದರ ತಪಾಸಣೆ ಯಾವಾಗ ಆಗಿದೆ ಎಂದು ಕೇಳಿ. ಎಪರ್ಬ್ ಇದೆಯೇ ಕೇಳಿ. ಅಪಾಯದಲ್ಲಿ ಒತ್ತಿದರೆ ಉಪಗ್ರಹದ ಮೂಲಕ ನೀವು ಇರುವ ಜಾಗ ತಿಳಿಸುವ ಸಾಧನ ಅದು. ಇಂಥ ಪ್ರಶ್ನೆಗೆ ಸಿಡುಕುವವರ ದೋಣಿ ಹತ್ತಬೇಡಿ. ‘ಹಾರ್ನೆಸ್ ಎಲ್ಲ ಯಾಕೆ, ಹವೆ ಚೆನ್ನಾಗಿದೆ’ ಅನ್ನುವವರ ದೋಣಿಯನ್ನಂತೂ ಹತ್ತಲೇಬೇಡಿ.

ಹಾಯಿ ಕಲಿಯಲು ದೂರ ಹೋಗಬೇಕಿಲ್ಲ. 1985ರಿಂದ 1987ರವರೆಗೆ ಭೂಮಿ ಸುತ್ತಿ ಬಂದ ಭಾರತೀಯ ಸೇನೆಯ ದೋಣಿಯ ಹೆಸರು ತೃಷ್ಣಾ. ಬೆಂಗಳೂರಿನ ಹಲಸೂರು ಕೆರೆಯಲ್ಲಿರುವ ಸೇನೆಯ ಸೇಲಿಂಗ್ ಕ್ಲಬ್ಬಿಗೂ ಅದೇ ಹೆಸರು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಮೈಯೇ ಹೇಳುವಷ್ಟು ಅಭ್ಯಾಸ ಕೆರೆಯ ಚಿಕ್ಕ ದೋಣಿಯಲ್ಲೇ ಆಗುತ್ತದೆ. ಆದರೆ ಅಷ್ಟೇ ಸಾಲದು. ಕತ್ತಲಲ್ಲಿ, ಅಲೆಯ ಮೇಲೆ, ಹೊಟ್ಟೆ ತೊಳಸುವಾಗ ಹಗ್ಗ ಹಿಡಿದು ನೋಡಿರಬೇಕು.

ಕಾಗದಪತ್ರದ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದರೆ ಕೆನರಿ ದ್ವೀಪಗಳಿಗೆ ಷೆಂಗೆನ್ ವೀಸಾ ಬೇಕು. ಹೊರಡುವ ಮುಂಚೆ ಗಡಿ ಅಧಿಕಾರಿಗಳಲ್ಲಿ ನಿಮ್ಮ ನಿರ್ಗಮನ ದಾಖಲಾಗಬೇಕು. ದೋಣಿಯಲ್ಲಿ ಹೊರಟವರು ಅದನ್ನು ಕೇಳಿಯೇ ಮಾಡಿಸಿಕೊಳ್ಳಬೇಕಾಗುತ್ತದೆ, ತಾನಾಗಿ ಆಗುವುದಿಲ್ಲ. ದಾಟಿದ ಮೇಲೆ ಇಳಿಯುವ ದೇಶದ ನಿಯಮವನ್ನು ಆ ದೇಶದ ರಾಯಭಾರ ಕಚೇರಿಯಲ್ಲೇ ವಿಚಾರಿಸಿ. ವಿಮಾನದಲ್ಲಿ ಇಳಿಯುವವರ ನಿಯಮ ಒಂದು, ದೋಣಿಯ ಸಿಬ್ಬಂದಿಯಾಗಿ ಇಳಿಯುವವರ ನಿಯಮ ಇನ್ನೊಂದು ಇರಬಹುದು. ಹಲ್ಲಿನ ವೈದ್ಯರ ಹತ್ತಿರವೂ ಹೋಗಿ ಬನ್ನಿ. ನಡುಗಡಲಲ್ಲಿ ಹಲ್ಲುನೋವು ಬಂದರೆ ಎರಡು ವಾರ ಸಹಿಸುವುದೇ ದಾರಿ.

ಹಂತ 2: ನೀರು, ದಿನಸಿ ತುಂಬುವುದು

ನೀರಿನ ಲೆಕ್ಕ ಹೀಗೆ ಹಾಕಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 3 ಲೀಟರ್. ನಾಲ್ಕು ಜನಕ್ಕೆ 12 ಲೀಟರ್. ಪ್ರಯಾಣ 21 ದಿನ ಅಂದುಕೊಂಡರೂ 30 ದಿನಕ್ಕೆ ತುಂಬಿಸಿ: 360 ಲೀಟರ್. ಇದರಲ್ಲಿ ಒಂದು ಪಾಲು ಟ್ಯಾಂಕಿನಿಂದ ಹೊರಗೆ, ಕ್ಯಾನ್, ಬಾಟಲಿಗಳಲ್ಲಿ ಇರಲಿ. ಟ್ಯಾಂಕಿಗೆ ಉಪ್ಪುನೀರು ಸೇರಿದರೂ ಬಾಟಲಿ ಉಳಿಯುತ್ತದೆ. ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ (ವಾಟರ್‌ಮೇಕರ್) ಇದ್ದರೆ ಸಂತೋಷ. ಆದರೆ ಅದನ್ನು ನಂಬಿ ಕಡಿಮೆ ತುಂಬಿಸುವುದು ಬಹಳ ಜನ ಮಾಡುವ ತಪ್ಪು. ಪಂಪ್ ಕೆಟ್ಟರೆ ರಿಪೇರಿಯವರು ಸಿಗುವುದು ಆಚೆ ದಡದಲ್ಲಿ.

ರಟ್ಟಿನ ಡಬ್ಬಗಳನ್ನು ದೋಣಿಯೊಳಕ್ಕೆ ತರಬೇಡಿ. ಅದರ ಮಡಿಕೆಗಳಲ್ಲಿ ಜಿರಳೆಯ ಮೊಟ್ಟೆ ಇರುತ್ತದೆ. ಎಲ್ಲವನ್ನೂ ಬಂದರಿನ ಕಟ್ಟೆಯ ಮೇಲೆಯೇ ಬಿಚ್ಚಿ, ರಟ್ಟು, ಪ್ಲಾಸ್ಟಿಕ್ ಅಲ್ಲೇ ಬಿಟ್ಟು, ಗಾಳಿಯಾಡದ ಡಬ್ಬಿಗಳಿಗೆ ಸುರಿದುಕೊಳ್ಳಿ. ಹಣ್ಣು, ತರಕಾರಿಗಳನ್ನು ಫ್ರಿಜ್ಜಿನಲ್ಲಿಟ್ಟು ಮಾರುವ ಅಂಗಡಿ ಬಿಟ್ಟು ಮಾರುಕಟ್ಟೆಯಲ್ಲಿ ಕೊಳ್ಳಿ. ಒಮ್ಮೆ ತಣ್ಣಗಾದದ್ದು ಹೊರಗೆ ಬಂದರೆ ಬೇಗ ಕೊಳೆಯುತ್ತದೆ. ಮೊಟ್ಟೆಗೂ ಅದೇ ಮಾತು: ತೊಳೆಯದ, ಫ್ರಿಜ್ ಕಾಣದ ಮೊಟ್ಟೆ ತಂದು, ದಿನ ಬಿಟ್ಟು ದಿನ ಮಗುಚಿಡುತ್ತಿದ್ದರೆ ಮೂರು ವಾರ ಕೆಡದೆ ಇರುತ್ತದೆ. ಎಲೆಕೋಸು, ಕುಂಬಳಕಾಯಿ, ಈರುಳ್ಳಿ, ಆಲೂಗಡ್ಡೆ, ನಿಂಬೆ ಕೊನೆಯವರೆಗೆ ಬರುವಂಥವು. ಈರುಳ್ಳಿ, ಆಲೂಗಡ್ಡೆ ಬೇರೆ ಬೇರೆ ಬುಟ್ಟಿಯಲ್ಲಿರಲಿ. ಬಾಳೆಗೊನೆ ಕಟ್ಟಿ ತೂಗುಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಗೊನೆ ಪೂರ್ತಿ ಒಂದೇ ಸಲ ಹಣ್ಣಾಗುತ್ತದೆ.

ನಮ್ಮ ಕಡೆಯವರು ಹೊರಡುವುದಾದರೆ ಮನೆಯಿಂದ ಎರಡು ವಸ್ತು ಒಯ್ಯಿರಿ ಅನ್ನುತ್ತೇನೆ. ಒಂದು ಪ್ರೆಷರ್ ಕುಕ್ಕರ್. ಮುಚ್ಚಳ ಗಟ್ಟಿಯಾಗಿ ಕೂರುವುದರಿಂದ ಕುಕ್ಕರ್ ಉರುಳಿದರೂ ಕುದಿನೀರು ಮೈಮೇಲೆ ಬೀಳುವುದಿಲ್ಲ. ಗ್ಯಾಸ್, ನೀರು ಎರಡೂ ಉಳಿಯುತ್ತವೆ. ಇನ್ನೊಂದು ಹೆಸರುಕಾಳು. ಹತ್ತನೆಯ ದಿನ ಸೊಪ್ಪು, ಸೌತೆ ಎಲ್ಲ ಮುಗಿದಾಗ ಮೊಳಕೆ ಕಾಳಿನ ಕೋಸಂಬರಿಯೇ ದೋಣಿಯ ಹಸಿ ತರಕಾರಿ. ಉಷ್ಣವಲಯದ ಸೆಕೆಗೆ ಒಂದೂವರೆ ದಿನದಲ್ಲಿ ಮೊಳಕೆ ಬರುತ್ತದೆ. ಬೇರೆ ದೇಶದ ನಾವಿಕರೂ ಜಾಡಿಯಲ್ಲಿ ಮೊಳಕೆ ಬರಿಸುತ್ತಾರೆ. ಅವರ ಬಟ್ಟಲಿಗೆ ಸಾಸಿವೆ ಒಗ್ಗರಣೆ ಸೇರಿಸಿ ಕೊಟ್ಟು ನೋಡಿ.

ಹಂತ 3: ಮೊದಲ ಮೂರು ದಿನ ದಾಟುವುದು

ಕಡಲ ವಾಕರಿಕೆ ಬರಬಹುದು ಅಂತಲ್ಲ, ಬಂದೇ ಬರುತ್ತದೆ ಎಂದುಕೊಂಡೇ ಹೊರಡಿ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಮೈ ಒಗ್ಗುತ್ತದೆ. ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ಆರಿಸಿ, ದಡದಲ್ಲೇ ಒಮ್ಮೆ ನುಂಗಿ ನೋಡಿ. ಸಿನ್ನಾರಿಜಿನ್‌ನಂಥ ಮಾತ್ರೆ ಕೆಲವರಿಗೆ ವಿಪರೀತ ನಿದ್ದೆ ತರುತ್ತದೆ. ದೋಣಿ ಹೊರಡುವುದಕ್ಕೆ ಕೆಲವು ಗಂಟೆ ಮೊದಲೇ ಶುರು ಮಾಡಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಈ ಮೂರು ದಿನದ ಊಟ ಹೊರಡುವ ಮುನ್ನವೇ ತಯಾರಿರಲಿ. ಬಿಸಿ ಮಾಡಿದರೆ ಸಾಕು, ಹೆಚ್ಚುವುದು ಕುದಿಸುವುದು ಏನೂ ಇರಬಾರದು. ಗೊಜ್ಜವಲಕ್ಕಿಯ ಪುಡಿ, ಹುರಿಟ್ಟು, ಒಣ ಬಿಸ್ಕತ್ತು, ಶುಂಠಿ ಕೈಗೆ ಸಿಗುವಂತಿರಲಿ. ಹೊಟ್ಟೆ ಖಾಲಿ ಬಿಟ್ಟರೆ ವಾಕರಿಕೆ ಹೆಚ್ಚುತ್ತದೆ. ಒಳಗೆ ಕೂತು ಫೋನ್ ನೋಡಬೇಡಿ. ಹೊರಗೆ ಕೂತು ದಿಗಂತ ನೋಡಿ, ಇಲ್ಲವೇ ಒಳಗೆ ಹೋಗಿ ಕಣ್ಣು ಮುಚ್ಚಿ ಮಲಗಿ. ವಾಂತಿ ಬಂದರೆ ಬಕೆಟ್ ಹಿಡಿಯಿರಿ. ಅಂಚಿಗೆ ಹೋಗಿ ಬಗ್ಗಬೇಡಿ.

ಮೊದಲ ವಾರ ಮಲಬದ್ಧತೆಯೂ ಸಾಮಾನ್ಯ. ಯಾರೂ ಮುಂಚೆ ಹೇಳುವುದಿಲ್ಲ, ಆಮೇಲೆ ಎಲ್ಲರೂ ಒಬ್ಬೊಬ್ಬರೇ ಗಾಬರಿಯಾಗುತ್ತಾರೆ. ನೀರು ಚೆನ್ನಾಗಿ ಕುಡಿಯಿರಿ.

ಹಂತ 4: ಪಾಳಿ ಹಾಕಿಕೊಳ್ಳುವುದು

ಎಚ್ಚರವಿದ್ದು ದೋಣಿ ಕಾಯುವ ಸರದಿಗೆ ವಾಚ್ ಎನ್ನುತ್ತಾರೆ. ನಾನು ಪಾಳಿ ಎನ್ನುತ್ತೇನೆ. ನಾಲ್ಕು ಜನರಿದ್ದರೆ ಸುಲಭದ ಕ್ರಮ ಇದು: ರಾತ್ರಿ 8ರಿಂದ 11, 11ರಿಂದ 2, 2ರಿಂದ 5, 5ರಿಂದ 8. ಹಗಲೂ ಹಾಗೆಯೇ ಮೂರು ಮೂರು ಗಂಟೆ. ಒಬ್ಬೊಬ್ಬರಿಗೂ ರಾತ್ರಿ ಒಂಬತ್ತು ಗಂಟೆ ಬಿಡುವು. ದಿನವೂ ಸರದಿ ಬದಲಿಸುವುದು ನ್ಯಾಯ ಎಂದು ಕೆಲವರ ವಾದ. ನನ್ನ ಮಾತು ಕೇಳುವುದಾದರೆ ಬದಲಿಸಬೇಡಿ. ದಿನವೂ ಅದೇ ಹೊತ್ತಿಗೆ ಎದ್ದರೆ ನಾಲ್ಕೈದು ದಿನದಲ್ಲಿ ಮೈ ತಾನೇ ಏಳುತ್ತದೆ, ತಾನೇ ಮಲಗುತ್ತದೆ. ನಡುರಾತ್ರಿಯ ಪಾಳಿ ಸಿಕ್ಕವರಿಗೆ ಪಾತ್ರೆ ತೊಳೆಯುವ ಕೆಲಸದಿಂದ ಬಿಡುವು ಕೊಡಿ, ನ್ಯಾಯವೂ ಆಗುತ್ತದೆ.

ಇಬ್ಬರೇ ಇದ್ದಾಗ ಲೆಕ್ಕ ಬಿಗಿ: ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಬೇಕು. ನಮ್ಮ ನೌಕಾಪಡೆಯ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರಿನಲ್ಲಿ ತಾರಿಣಿ ದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ, 2025ರ ಮೇ ಕೊನೆಗೆ ಮರಳಿದ್ದು ಹೀಗೆ ಇಬ್ಬರೇ. ಮೊದಲ ಸಲಕ್ಕೆ ಅದು ಬೇಡ. ನಾಲ್ಕು ಜನ ಇರುವ ದೋಣಿ ಹುಡುಕಿ.

ಪಾಳಿಯಲ್ಲಿ ಚುಕ್ಕಾಣಿ ಹಿಡಿದೇ ಕೂರಬೇಕಿಲ್ಲ. ಆ ಕೆಲಸ ಆಟೋಪೈಲಟ್ ಅಥವಾ ಗಾಳಿಯ ಬಲದಿಂದಲೇ ನಡೆಯುವ ವಿಂಡ್‌ವೇನ್ ಮಾಡುತ್ತದೆ. ನಿಮ್ಮ ಕೆಲಸ ನೋಡುವುದು. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು, ಹಾಯಿಯ ಮರೆಯೂ ಸೇರಿದಂತೆ ದಿಗಂತವನ್ನು ಸುತ್ತಲೂ ನೋಡಿ. ಹತ್ತೇ ಯಾಕೆ? 50 ಮೀಟರಿಗಿಂತ ಉದ್ದದ ಹಡಗಿನ ಕಂಬದ ದೀಪ ಕನಿಷ್ಠ 6 ನಾಟಿಕಲ್ ಮೈಲಿಯಿಂದ ಕಾಣಬೇಕು ಎಂದು ಅಂತರರಾಷ್ಟ್ರೀಯ ನಿಯಮ. ಹಡಗು 20 ನಾಟ್‌ನಲ್ಲಿ, ನೀವು 6 ನಾಟ್‌ನಲ್ಲಿ ಎದುರುಬದುರಾಗಿ ಬಂದರೆ ಆ 6 ಮೈಲಿ ಕರಗಲು 14 ನಿಮಿಷ ಸಾಕು. ಎಐಎಸ್ (ಹಡಗುಗಳ ಹೆಸರು, ದಿಕ್ಕು, ವೇಗ ತೋರಿಸುವ ಪರದೆ) ಬಹಳ ಸಹಾಯ ಮಾಡುತ್ತದೆ, ಆದರೆ ಅದನ್ನು ಹಚ್ಚಿಕೊಳ್ಳದ ದೋಣಿಗಳೂ ಕಡಲಲ್ಲಿವೆ.

ಗಂಟೆಗೊಮ್ಮೆ ಲಾಗ್ ಪುಸ್ತಕದಲ್ಲಿ ಪೆನ್ನಿನಿಂದ ಬರೆಯಿರಿ: ಅಕ್ಷಾಂಶ, ರೇಖಾಂಶ, ದಿಕ್ಕು, ವೇಗ, ಗಾಳಿ, ವಾಯುಭಾರ. ವಿದ್ಯುತ್ ಹೋದ ದಿನ ನೀವು ಎಲ್ಲಿದ್ದೀರಿ ಎಂದು ಹೇಳುವುದು ಆ ಪುಸ್ತಕ ಮಾತ್ರ. ಓದಲು ಕೆಂಪು ಬೆಳಕಿನ ಟಾರ್ಚ್ ಬಳಸಿ. ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಕತ್ತಲಿಗೆ ಮತ್ತೆ ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು.

ಇನ್ನು ಯಾವ ಕಾರಣಕ್ಕೂ ಮುರಿಯಬಾರದ ನಿಯಮ. ಹಾರ್ನೆಸ್ ಅಂದರೆ ಎದೆಗೆ ಬಿಗಿಯುವ ಪಟ್ಟಿ. ಅದರ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಬೇಕು. ರಾತ್ರಿ ಒಳಗಿನಿಂದ ಮೆಟ್ಟಿಲು ಹತ್ತಿ ಬರುವಾಗ, ಹೊರಗೆ ಕಾಲಿಡುವ ಮೊದಲೇ ಕೊಕ್ಕೆ ಸಿಕ್ಕಿಸಿ. ಕಾಕ್‌ಪಿಟ್ (ಚುಕ್ಕಾಣಿ ಇರುವ, ಕೂರುವ ಜಾಗ) ಬಿಟ್ಟು ಮುಂದಕ್ಕೆ ಹೋಗಲೇಬೇಕಾದರೆ ಇನ್ನೊಬ್ಬರನ್ನು ಎಬ್ಬಿಸಿ. ನಿದ್ದೆ ಕೆಡಿಸುತ್ತೇನೆಂಬ ಸಂಕೋಚ ಇಲ್ಲಿ ಬೇಡ. 6 ನಾಟ್‌ನಲ್ಲಿ ಹೋಗುವ ದೋಣಿ ಒಂದು ನಿಮಿಷಕ್ಕೆ 185 ಮೀಟರ್ ದೂರ ಸಾಗಿರುತ್ತದೆ. ಕತ್ತಲಲ್ಲಿ, ಅಲೆಗಳ ನಡುವೆ, ಅಷ್ಟು ದೂರದಿಂದ ಒಂದು ತಲೆ ಕಾಣುವುದಿಲ್ಲ.

ಹಂತ 5: ಮಲಗುವುದು

ದೋಣಿಯ ಮುಂಭಾಗದ ಕೋಣೆ ಬಂದರಿನಲ್ಲಿ ಚೆಂದ. ಕಡಲಲ್ಲಿ ಅಲ್ಲಿ ಮಲಗಿದವರನ್ನು ಅಲೆ ಎತ್ತಿ ಎಸೆಯುತ್ತದೆ. ನಡುಭಾಗದಲ್ಲೇ ಮಲಗಿ. ಹಾಸಿಗೆಯ ಅಂಚಿಗೆ ಎತ್ತಿ ಕಟ್ಟುವ ಬಟ್ಟೆಯ ತಡೆ, ಲೀಕ್ಲಾತ್, ಬಿಗಿಯಾಗಿರಲಿ. ಬೆನ್ನಿನ ಗಾಳಿಯಲ್ಲಿ ದೋಣಿ ಎಡಕ್ಕೂ ಬಲಕ್ಕೂ ಬಿಡುವಿಲ್ಲದೆ ಹೊರಳುತ್ತದೆ. ಮೈಯ ಎರಡೂ ಬದಿಗೆ ದಿಂಬು, ಬಟ್ಟೆಯ ಚೀಲ ಒತ್ತಿಟ್ಟರೆ ಸ್ನಾಯುಗಳು ಸಡಿಲವಾಗುತ್ತವೆ. ಡಬ್ಬಿಗಳ ಕಟಕಟ ಸದ್ದನ್ನು ಮೊದಲ ದಿನವೇ ಹುಡುಕಿ, ಸಂದಿಗೆ ಕಾಲುಚೀಲ ತುರುಕಿ. ಕಿವಿಗೆ ಹತ್ತಿ ಬೇಡ, ಕರೆದರೆ ಕೇಳಬೇಕು. ಹಗಲಲ್ಲೂ ಒಮ್ಮೆ ಮಲಗಿ, ನಿದ್ದೆ ಬರಲಿ ಬಿಡಲಿ.

ಹಂತ 6: ಬೆಳಗಿನ ಸುತ್ತು

ಬೆಳಕು ಹರಿದ ಮೇಲೆ ಒಬ್ಬರು ಹಾರ್ನೆಸ್ ಕಟ್ಟಿಕೊಂಡು ದೋಣಿಯ ತುದಿಯಿಂದ ತುದಿಗೆ ನಿಧಾನವಾಗಿ ನಡೆದು ಬರಬೇಕು. ರಾತ್ರಿ ಬಂದು ಬಿದ್ದ ಹಾರುಮೀನುಗಳು ಅಂಚಿನಲ್ಲಿ ಸಿಗುತ್ತವೆ, ತಿನ್ನುವವರಿಗೆ ಅದೇ ತಿಂಡಿ. ಆದರೆ ಹುಡುಕಬೇಕಾದದ್ದು ಸವೆತ. ವಾಣಿಜ್ಯ ಮಾರುತದಲ್ಲಿ ಹಾಯಿಗಳು ದಿನಗಟ್ಟಲೆ ಒಂದೇ ಸ್ಥಿತಿಯಲ್ಲಿ ಇರುತ್ತವೆ. ಹಗ್ಗದ ಅದೇ ಒಂದು ಅಂಗುಲ ಅದೇ ರಾಟೆಯ ಅಂಚಿಗೆ ಸಾವಿರಾರು ಸಲ ಉಜ್ಜುತ್ತದೆ. ಮೊದಲು ಹಗ್ಗದ ಮೇಲ್ಮೈಗೆ ರೋಮದಂಥ ಎಳೆ ಏಳುತ್ತದೆ, ಮುಟ್ಟಿದರೆ ಮೆತ್ತಗೆ. ಮಾರನೆಯ ದಿನ ಹೊರಕವಚ ಹರಿದು ಒಳಗಿನ ಬಿಳಿ ತಿರುಳು ಇಣುಕುತ್ತದೆ. ಅದಾದ ಮೇಲೆ ತುಂಡಾಗುವುದು ಯಾವಾಗಲೂ ರಾತ್ರಿಯಲ್ಲೇ. ಪರಿಹಾರ ಸುಲಭ: ದಿನವೂ ಹಗ್ಗವನ್ನು ಒಂದು ಗೇಣು ಬಿಡಿ ಅಥವಾ ಎಳೆಯಿರಿ, ಉಜ್ಜುವ ಜಾಗ ಬದಲಾಗುತ್ತದೆ.

ಡೆಕ್ಕಿನ ಮೇಲೆ ಬಿದ್ದ ಚಿಕ್ಕ ಪಿನ್ನು, ಬೋಲ್ಟು ಕಂಡರೆ ಎಸೆಯಬೇಡಿ, ಎತ್ತಿಕೊಂಡು ಸ್ಕಿಪ್ಪರಿಗೆ ತೋರಿಸಿ. ಅದು ಹಾಯಿಗಂಬದ ಮೇಲಿನಿಂದ ಎಲ್ಲಿಂದಲೋ ಉದುರಿದ್ದು.

ಬೂಮ್ ಅಂದರೆ ದೊಡ್ಡ ಹಾಯಿಯ ಬುಡದ ಅಡ್ಡಕಂಬ. ಬೆನ್ನಿನ ಗಾಳಿ ಸ್ವಲ್ಪ ಓರೆಯಾದರೂ ಅದು ಒಂದು ಬದಿಯಿಂದ ಇನ್ನೊಂದಕ್ಕೆ ರಭಸದಿಂದ ಬೀಸಿ ಬರುತ್ತದೆ, ತಲೆ ಅಡ್ಡ ಸಿಕ್ಕರೆ ಜೀವ ಹೋಗುತ್ತದೆ. ಅದನ್ನು ಮುಂದಕ್ಕೆ ಎಳೆದು ಕಟ್ಟುವ ಹಗ್ಗ ಪ್ರಿವೆಂಟರ್. ಅದು ಬಿಗಿಯಾಗಿದೆಯೇ ಎಂದು ಪಾಳಿ ಬದಲಾದಾಗಲೆಲ್ಲ ಕೈಯಿಂದ ಮುಟ್ಟಿ ನೋಡಿ.

ಬ್ಯಾಟರಿಯನ್ನೂ ಬೆಳಗ್ಗೆಯೇ ನೋಡಿ. ಸೀಸದ ಬ್ಯಾಟರಿ 12.2 ವೋಲ್ಟಿಗೆ ಇಳಿದರೆ ಅರ್ಧ ಖಾಲಿಯಾದಂತೆ. ಅದಕ್ಕಿಂತ ಕೆಳಗೆ ಬಿಡಬೇಡಿ. ಫೋನು, ಉಪಗ್ರಹ ಇಂಟರ್ನೆಟ್ಟು ಎಲ್ಲ ಆಟೋಪೈಲಟ್ಟಿನ ಹೊಟ್ಟೆ ತುಂಬಿದ ಮೇಲೆ.

ಹಂತ 7: ಅಡುಗೆ

ದೋಣಿಯ ಒಲೆ ಗಿಂಬಲ್ ಮೇಲೆ ತೂಗುತ್ತದೆ, ಅಂದರೆ ದೋಣಿ ವಾಲಿದರೂ ಒಲೆ ಮಟ್ಟವಾಗಿರುತ್ತದೆ. ಅದನ್ನು ನೋಡಿ ಮೋಸಹೋಗಬೇಡಿ, ವಾಲುವುದು ನೀವು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಎಷ್ಟೇ ಸೆಕೆ ಇದ್ದರೂ ಮೈಮುಚ್ಚುವ ದಪ್ಪ ಏಪ್ರನ್ ಹಾಕಿ, ಪಾತ್ರೆ ಅರ್ಧ ಮಾತ್ರ ತುಂಬಿಸಿ. ಚಹಾ ಬಗ್ಗಿಸುವಾಗ ಲೋಟವನ್ನು ಕೈಯಲ್ಲಿ ಹಿಡಿಯಬೇಡಿ, ಸಿಂಕಿನಲ್ಲಿಟ್ಟು ಬಗ್ಗಿಸಿ. ಎಣ್ಣೆಯಲ್ಲಿ ಕರಿಯುವುದು ಬೇಡವೇ ಬೇಡ.

ಒಂದೇ ಪಾತ್ರೆಯ ಅಡುಗೆ ಆರಿಸಿ: ಬಿಸಿಬೇಳೆಬಾತ್, ಪೊಂಗಲ್, ಉಪ್ಪಿಟ್ಟು, ತರಕಾರಿ ಪಾಸ್ತಾ. ತಟ್ಟೆ ಬದಲು ಆಳದ ಬಟ್ಟಲು, ಚಮಚ. ಚಪಾತಿ ಲಟ್ಟಿಸಲು ಹೊರಟರೆ ಹಿಟ್ಟು ಒಂದು ಕಡೆ, ಲಟ್ಟಣಿಗೆ ಇನ್ನೊಂದು ಕಡೆ. ಕೈಯಲ್ಲಿ ತಟ್ಟುವ ರೊಟ್ಟಿಯೇ ವಾಸಿ. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಹಾಗಾಗಿ ಆಲೂಗಡ್ಡೆ ಬೇಯಿಸಲು ಒಂದು ಪಾಲು ಸಮುದ್ರದ ನೀರಿಗೆ ಮೂರು ಪಾಲು ಸಿಹಿನೀರು ಸಾಕು, ಬೇರೆ ಉಪ್ಪು ಬೇಕಿಲ್ಲ. ಪಾತ್ರೆಯನ್ನೂ ಸಮುದ್ರದ ನೀರಿನಲ್ಲೇ ತೊಳೆದು, ಕೊನೆಗೆ ಒಂದು ಲೋಟ ಸಿಹಿನೀರು ಹಾಯಿಸಿ.

ಅಡುಗೆ ಮುಗಿದ ಕೂಡಲೇ ಗ್ಯಾಸನ್ನು ಸಿಲಿಂಡರಿನ ಬಳಿಯೇ ಮುಚ್ಚಿ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನಿಂದ ಹೊರಹೋಗಬಹುದು. ದೋಣಿಯಲ್ಲಿ ಅದು ತಳದ ಬಿಲ್ಜ್ ಎಂಬ ಗುಂಡಿಗೆ ಇಳಿದು ಕೂರುತ್ತದೆ, ಒಂದು ಕಿಡಿ ಸಾಕು. ರಾತ್ರಿ ಪಾಳಿಯವರಿಗೆ ಥರ್ಮಾಸಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ತಿಂಡಿ ಇಟ್ಟು ಮಲಗಿ. ಅವರು ಕತ್ತಲಲ್ಲಿ ಒಲೆ ಹಚ್ಚಬೇಕಾಗದು, ಸದ್ದಿಗೆ ಉಳಿದವರು ಏಳಬೇಕಾಗದು.

ಹಂತ 8: ಸ್ನಾನ, ಶೌಚ, ಕಸ

ಸಾಮಾನ್ಯ ಸೋಪು ಉಪ್ಪುನೀರಿನಲ್ಲಿ ನೊರೆ ಬರುವುದಿಲ್ಲ, ಶಾಂಪೂ ಬರುತ್ತದೆ. ಬಕೆಟ್ಟಿನಲ್ಲಿ ಸಮುದ್ರದ ನೀರು ತೆಗೆದು ಮೀಯಿರಿ, ಕೊನೆಗೆ ಒಂದೂವರೆ ಲೀಟರ್ ಸಿಹಿನೀರಿನಲ್ಲಿ ಉಪ್ಪು ತೊಳೆಯಿರಿ. ಬಕೆಟ್ಟಿನ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ದೋಣಿಗೆ ಕಟ್ಟಿ. ಓಡುವ ದೋಣಿಯಲ್ಲಿ ತುಂಬಿದ ಬಕೆಟ್ ಆಳನ್ನೇ ಎಳೆದೊಯ್ಯುತ್ತದೆ. ದಿನವೂ ಸ್ನಾನ ಆಗದಿದ್ದರೂ ತೊಡೆ, ಕುಂಡೆ, ಕಂಕುಳನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ. ಉಪ್ಪಿನ ಒದ್ದೆಯಲ್ಲಿ ಕೂತು ಕೂತು ಕುರು ಏಳುತ್ತದೆ. ಉಪ್ಪುನೀರಿನಲ್ಲಿ ಒಗೆದ ಹತ್ತಿ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ, ಉಪ್ಪು ಗಾಳಿಯ ತೇವ ಹೀರುತ್ತದೆ.

ಶೌಚಾಲಯ ಚಿಕ್ಕದು, ಸಮುದ್ರದ ನೀರನ್ನು ಪಂಪ್ ಮಾಡಿ ತೊಳೆಯುವಂಥದ್ದು. ಗಂಡಸರೂ ಕೂತೇ ಮಾಡಬೇಕು. ದೋಣಿಯ ಹಿಂಬದಿಗೆ ನಿಂತು ಮೂತ್ರ ಮಾಡುವುದು ಗಂಡಸರು ನೀರಿಗೆ ಬೀಳುವ ಹಳೆಯ ದಾರಿಗಳಲ್ಲೊಂದು. ತಿಂದು ಬಂದದ್ದು ಬಿಟ್ಟು ಬೇರೇನೂ ಒಳಗೆ ಹಾಕಬೇಡಿ, ಕಾಗದವನ್ನೂ. ಕಟ್ಟಿಕೊಂಡರೆ ಬಿಚ್ಚುವುದು ನಿಮ್ಮಲ್ಲೇ ಒಬ್ಬರು.

ಪ್ಲಾಸ್ಟಿಕ್ಕನ್ನು ಯಾವ ಸಮುದ್ರಕ್ಕೂ, ಎಷ್ಟೇ ದೂರದಲ್ಲೂ ಎಸೆಯುವಂತಿಲ್ಲ. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮ ಅದು. ತೊಳೆದು, ಮಡಚಿ, ಕಟ್ಟಿ ದಡಕ್ಕೆ ತನ್ನಿ. ತೊಳೆಯದೆ ಇಟ್ಟರೆ ಸೆಕೆಗೆ ಮೂರನೆಯ ದಿನವೇ ನಾರುತ್ತದೆ.

ಹಂತ 9: ಸಂಜೆ, ರಾತ್ರಿಯ ತಯಾರಿ

ಹೊತ್ತು ಮುಳುಗುವ ಮುಂಚೆ ಹಾಯಿಯನ್ನು ರೀಫ್ ಮಾಡಿ, ಅಂದರೆ ಮಡಿಸಿ ಚಿಕ್ಕದು ಮಾಡಿ. ವೇಗ ಅರ್ಧ ನಾಟ್ ಕಡಿಮೆಯಾಗಬಹುದು, ಆಗಲಿ. ಈ ದಾರಿಯ ರಾತ್ರಿಗಳಲ್ಲಿ ಸ್ಕ್ವಾಲ್ ಎಂಬ ಮಳೆಗಾಳಿಯ ಗುಂಪುಗಳು ಬರುತ್ತವೆ. ಕೆಲವೇ ನಿಮಿಷದಲ್ಲಿ 15 ನಾಟ್ ಗಾಳಿ 30 ದಾಟಬಹುದು. ಹಿಂದಿನ ದಿಗಂತದಲ್ಲಿ ನಕ್ಷತ್ರಗಳು ಇದ್ದಕ್ಕಿದ್ದಂತೆ ಕಾಣೆಯಾದ ಜಾಗವೇ ಸುಳಿವು. ದೊಡ್ಡ ಹಾಯಿ ಇಟ್ಟುಕೊಂಡವರು ಎಲ್ಲರನ್ನೂ ಎಬ್ಬಿಸಬೇಕಾಗುತ್ತದೆ. ಸಂಜೆಯೇ ಮಡಿಸಿದವರಲ್ಲಿ ಪಾಳಿಯವರು ಒಬ್ಬರೇ ನಿಭಾಯಿಸುತ್ತಾರೆ, ಮೂವರು ಮಲಗಿರುತ್ತಾರೆ.

ಸಂಜೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಒಂದು ಹೊತ್ತು ಇರಲಿ. ಪಾಳಿಯ ಬದುಕಿನಲ್ಲಿ ಒಬ್ಬರನ್ನೊಬ್ಬರು ನೋಡುವುದೇ ಕಡಿಮೆ; ಸಣ್ಣ ಮುನಿಸು ಅಲ್ಲೇ ಹುಳಿಯುತ್ತದೆ. ಪಶ್ಚಿಮಕ್ಕೆ ಹೋದಂತೆ ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಆ ಹೆಚ್ಚುವರಿ ಗಂಟೆ ಯಾರ ಪಾಳಿಗೆ ಬೀಳಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಹಗಲು ಎಲ್ಲರೂ ಎದ್ದಿರುವಾಗ ಬದಲಿಸಿದರೆ ಜಗಳವೇ ಇಲ್ಲ.

ಹಂತ 10: ದಡ ಕಂಡ ಮೇಲೆ

ದಡ ಕಂಡಾಗ ಎಲ್ಲರೂ ಡೆಕ್ಕಿಗೆ ಬರುತ್ತಾರೆ, ಆ ರಾತ್ರಿ ಯಾರೂ ಮಲಗುವುದಿಲ್ಲ. ಹೆಚ್ಚಿನ ತಪ್ಪು ನಡೆಯುವುದು ಆಗಲೇ. ಪಾಳಿಯನ್ನು ಹಗ್ಗ ಕಟ್ಟುವ ತನಕ ಬಿಡಬೇಡಿ. ಸರದಿ ಇಲ್ಲದವರನ್ನು ಒತ್ತಾಯ ಮಾಡಿಯಾದರೂ ಮಲಗಿಸಿ. ಗೊತ್ತಿಲ್ಲದ ಬಂದರಿಗೆ ಕತ್ತಲಲ್ಲಿ ಹೋಗಬೇಡಿ. ರಾತ್ರಿ ತಲುಪುವ ಲೆಕ್ಕ ಬಂದರೆ ಹಿಂದಿನ ದಿನವೇ ಹಾಯಿ ಇಳಿಸಿ ನಿಧಾನಿಸಿ, ಬೆಳಕಿನಲ್ಲಿ ಪಿಜನ್ ದ್ವೀಪವನ್ನು ಸುತ್ತಿ ಸೇಂಟ್ ಲೂಸಿಯಾದ ರಾಡ್ನಿ ಕೊಲ್ಲಿಗೆ ಹೋಗಿ.

ದೇಶದ ನೀರಿಗೆ ಬಂದೊಡನೆ ಹಳದಿ ಕ್ಯೂ ಬಾವುಟ ಏರಿಸಬೇಕು. ತಪಾಸಣೆಗೆ ಕಾಯುತ್ತಿದ್ದೇವೆ ಎಂಬ ಸೂಚನೆ ಅದು. ಮೊದಲು ಸ್ಕಿಪ್ಪರ್ ಮಾತ್ರ ಎಲ್ಲರ ಪಾಸ್‌ಪೋರ್ಟ್, ಸಿಬ್ಬಂದಿಯ ಪಟ್ಟಿ, ದೋಣಿಯ ದಾಖಲೆ, ಹಿಂದಿನ ಬಂದರಿನ ಅನುಮತಿಪತ್ರ ಹಿಡಿದು ಕಸ್ಟಮ್ಸ್, ಇಮಿಗ್ರೇಷನ್‌ಗೆ ಹೋಗುತ್ತಾರೆ. ಅವರು ಮರಳುವವರೆಗೆ ನೀವು ಇಳಿಯುವಂತಿಲ್ಲ. ಉಳಿದ ಹಣ್ಣು, ತರಕಾರಿ, ಕಾಳುಗಳನ್ನು ಕೇಳದೆ ದಡಕ್ಕೆ ಒಯ್ಯಬೇಡಿ. ಇಳಿದ ಮೇಲೆ ಒಂದೆರಡು ದಿನ ನೆಲವೇ ತೂಗಿದಂತಾಗುತ್ತದೆ. ಸ್ನಾನದ ಕೋಣೆಯಲ್ಲಿ ಗೋಡೆ ಹಿಡಿದು ನಿಲ್ಲಿ, ಆ ಎರಡು ದಿನ ವಾಹನ ಓಡಿಸಬೇಡಿ.